ಡಾಕ್ಟರಿಗೆ ಹೇಳದೆ ಮುಚ್ಚಿಟ್ಟ ಅಪ್ಪನ ಕಾಯಿಲೆ

ನಾನು ಓದಿದ್ದು ಐದನೇ ಕ್ಲಾಸು. ವಡಪಳನಿಯಲ್ಲಿ ಸಿನಿಮಾದವರಿಗೆ ಬಟ್ಟೆ ಹೊಲಿಯುತ್ತೇನೆ. ತಮ್ಮನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನನಗೆ ತಿಳಿದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಸತ್ತದ್ದು ತಲೆಯೊಳಗಿನ ಗಡ್ಡೆಯಿಂದ. ಅಮ್ಮ ಮಾತ್ರ ಎಲ್ಲರಿಗೂ, ಬಚ್ಚಲಲ್ಲಿ ಜಾರಿ ಬಿದ್ದರು ಎಂದೇ ಹೇಳಿದಳು. ವಂಶದಲ್ಲಿ ಕಾಯಿಲೆ ಇದೆ ಎಂದು ಗೊತ್ತಾದರೆ ನನಗೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಆ ಸುಳ್ಳಿನ ಮೇಲೇ ನನ್ನ ಮದುವೆಯಾಯಿತು.

ಮೂರು ವರ್ಷದ ಹಿಂದೆ ತಮ್ಮನಿಗೂ ಅದೇ ಬಂತು. ಸ್ಕ್ಯಾನ್ ರಿಪೋರ್ಟ್ ಹಿಡಿದುಕೊಂಡು ನಕ್ಕ. "ಅಕ್ಕ, ನನ್ನ ತಲೇಲಿ ಏನೂ ಇಲ್ಲ ಅಂತಿದ್ಯಲ್ಲ, ನೋಡು, ಇದೆ ಅಂತ ಡಾಕ್ಟರೇ ಬರೆದುಕೊಟ್ಟಿದಾರೆ."

ಆಪರೇಷನ್ ಆಗಿ ಸ್ವಲ್ಪ ದಿನಕ್ಕೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡರು. ನನ್ನ ಮಗಳನ್ನು ಕೊಡಬೇಕೆಂದಿದ್ದ ಮನೆಯ ಹೆಂಗಸು, ಬೀಗಿತ್ತಿಯಾಗಬೇಕಾದವರು, ಹಣ್ಣು ತಂದು ಪಕ್ಕದಲ್ಲೇ ಕೂತಿದ್ದರು.

"ಒಂದೇ ಥರದ ಗಡ್ಡೆ, ಒಂದೇ ಆಪರೇಷನ್. ಆದ್ರೂ ಒಬ್ರು ಬೇಗ ಹೋಗ್ತಾರೆ, ಇನ್ನೊಬ್ರು ವರ್ಷಗಟ್ಟಲೆ ಇರ್ತಾರೆ. ಅಪ್ಪ ಅಮ್ಮನಿಂದ ರಕ್ತದಲ್ಲಿ ಬಂದಿರೋ ಸಣ್ಣ ವ್ಯತ್ಯಾಸನೂ ಇದಕ್ಕೆ ಕಾರಣವಾ ಅಂತ ಹುಡುಕ್ತಿದ್ದೀವಿ. ನಿಮ್ಮನೇಲಿ ಮುಂಚೆ ಯಾರಿಗಾದ್ರೂ ಇತ್ತಾಮ್ಮ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಸಾರ್. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ರು" ಎಂದೆ.

ತಮ್ಮ ನನ್ನ ಮುಖ ನೋಡಿದ. ಕೊನೆಯ ದಿನಗಳಲ್ಲಿ ಅಪ್ಪನನ್ನು ಎತ್ತಿ ಕೂರಿಸುತ್ತಿದ್ದವನು ಅವನು. ಬೀಗಿತ್ತಿಯ ಕಡೆ ಒಮ್ಮೆ ನೋಡಿ, "ಹೌದು ಸಾರ್, ಜಾರಿ ಬಿದ್ರು" ಎಂದ.

ಪರೀಕ್ಷೆಗೆ ನನ್ನ ರಕ್ತವನ್ನೂ ಕೇಳಿದರು. ಬೇಡ ಎಂದೆ.

"ಬೆಳಗಿಂದ ಸಾಯಂಕಾಲದವರೆಗೂ ಸೂಜಿ ಹಿಡಿಯೋಳು, ಸೂಜಿ ಕಂಡ್ರೆ ಹೆದರ್ತಾಳೆ ಸಾರ್!" ಎಂದು ಅದನ್ನೂ ಅವನೇ ನಗೆಯಲ್ಲಿ ತೇಲಿಸಿದ.

ಆಟೋದಲ್ಲಿ ಮಾತ್ರ ಮೆಲ್ಲಗೆ, "ಅಕ್ಕ, ಮದ್ವೆ ಮುಗೀಲಿ. ಆಮೇಲೆ ಹೋಗಿ ಹೇಳ್ಬಿಡು" ಎಂದ.

ಮಗಳ ಮದುವೆ ಮುಗಿಯಿತು. ಹೋಗಲಿಲ್ಲ. ಎರಡು ಸಲ ನೆನಪಿಸಿದ. ಆಮೇಲೆ ಕಾಯಿಲೆ ಹೆಚ್ಚಿ ಅವನಿಗೆ ಮಾತೇ ನಿಂತುಹೋಯಿತು. ಮಾತಿಲ್ಲದೆಯೂ ಅವನು ನನ್ನ ಕಡೆ ನೋಡಿದಾಗಲೆಲ್ಲ ನಾನು ಹಾಸಿಗೆ ಸರಿಮಾಡುವವಳಂತೆ ತಲೆ ತಗ್ಗಿಸುತ್ತಿದ್ದೆ.

ಅವನು ತೀರಿಕೊಂಡು ತಿಂಗಳಾದ ಮೇಲೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. "ಆವತ್ತೇ ಹೇಳಿದ್ರೆ ಉಳೀತಿದ್ನಾ?"

"ಇಲ್ಲಮ್ಮ, ಟ್ರೀಟ್‌ಮೆಂಟ್ ಬದಲಾಗ್ತಿರಲಿಲ್ಲ. ಆದ್ರೆ ಅಪ್ಪನಿಗೂ ಮಗನಿಗೂ ಬಂದಿರೋ ಮನೆ ಅಪರೂಪ. ನಿಮ್ಮ ತಮ್ಮ ಇದ್ದಾಗ ಕೇಳೋದು ಬಹಳ ಇತ್ತು."

ಆ 'ಇಲ್ಲ' ಕೇಳಿ ನನ್ನ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ತೋಳು ಮುಂದೆ ಚಾಚಿದೆ.

"ಮಕ್ಕಳಿದ್ದಾರಾ?" ರಕ್ತ ತೆಗೆಯುತ್ತಿದ್ದ ನರ್ಸ್ ಕೇಳಿದಳು.

"ಒಬ್ಬಳು ಮಗಳು."

"ಅವರಿಗೆ ಇದೆಲ್ಲ ಗೊತ್ತಾ?"

ತೋಳಿನ ಹತ್ತಿ ಒತ್ತಿಕೊಂಡೇ ಹೊರಗೆ ಬಂದು ಪಲ್ಲಾವರಂಗೆ, ಮಗಳ ಮನೆಗೆ ಫೋನ್ ಮಾಡಿದೆ. ಎತ್ತಿದವರು ಬೀಗಿತ್ತಿ. ಈಗಲೇ ಬರುತ್ತೇನೆ ಎಂದೆ. "ಬನ್ನಿ ಬನ್ನಿ, ನಿಮ್ಮ ಮಗಳು ಮನೇಲೇ ಇದಾಳೆ. ನಾನು ಸಂತೆಗೆ ಹೊರಟಿದ್ದೆ."

"ಹೋಗ್ಬೇಡಿ," ಎಂದೆ. "ನಿಮಗೂ ಹೇಳೋದಿದೆ."