ಸೋಮು ನಾಯಕನ ಕಾರಿನ ಕಟಕಟ

ಒಮ್ಮೆ ಬೇಲಿಯ ಜಗಳವೊಂದರಲ್ಲಿ ಅವರ್ಸಾದ ಸೋಮು ನಾಯಕ ಎರಡೂ ಕಡೆಯವರಿಗೆ ಸಾಕ್ಷಿ ಹೇಳುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದ. ಪಂಚಾಯ್ತಿಯ ದಿನ ಬೇರೆ ದಾರಿ ಕಾಣದೆ ಜ್ವರ ಬಂದವನಂತೆ ಕಂಬಳಿ ಹೊದ್ದು ಮಲಗಿದ. ಎರಡೂ ಕಡೆಯವರು ಅವನ ಆರೋಗ್ಯ ವಿಚಾರಿಸಲು ಬಂದು, ಅವನ ಹಾಸಿಗೆಯ ಪಕ್ಕದಲ್ಲೇ ಮತ್ತೆ ಜಗಳಾಡಿ ಹೋದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ವೈಜಯಂತಿ ಹೇಳುವುದು ಸುಮ್ಮನೆ ಅಲ್ಲ.

ಕಾರವಾರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಅವನು ಮ್ಯಾನೇಜರ್. ದಿನವೂ ಹೋಗಿಬರುವುದು ಅಪ್ಪನ ಕಾಲದ, ದುಂಡು ಮೂತಿಯ ಬಿಳಿ ಡೀಸೆಲ್ ಕಾರಿನಲ್ಲಿ. ಆದರೆ ಒಬ್ಬನೇ ಹೋಗುವ ಭಾಗ್ಯ ಎಲ್ಲಿಯದು? ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದ ಊರವನನ್ನು ಬಿಟ್ಟು ಮುಂದೆ ಹೋದರೆ ಅವರ್ಸಾದವರು ಆ ಮಾತನ್ನು ಮೊಮ್ಮಕ್ಕಳ ಮದುವೆಯಲ್ಲೂ ಎತ್ತುತ್ತಾರೆ. ಹಾಗಾಗಿ ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಸುಮ್ಮನೆ ಕಾರವಾರ ನೋಡಿಬರುವವರು ಎಲ್ಲರೂ ಸೋಮುವಿನ ಕಾರಿಗೇ. ಹಿಂದಿನ ಸೀಟಿನಲ್ಲಿ ಹೊನ್ನು ಮಾವನ ಜಾಗ ಖಾಯಂ. ದೂರದ ನೆಂಟಸ್ತಿಕೆಯಲ್ಲಿ ಮಾವ, ಆಳು ಅಕ್ಕಿ ಮೂಟೆಯ ಹಾಗೆ. ಅವರು ತಲೆ ಆಡಿಸಿದ ಕಡೆಗೆ ಅರ್ಧ ಕೇರಿಯ ಮತ ಬೀಳುತ್ತದೆ.

ಮತದ ಮಾತು ಯಾಕೆಂದರೆ, ಈ ಸಲ ಸೋಮು ಊರಿನ ಸೊಸೈಟಿಯ ಚುನಾವಣೆಗೆ ನಿಂತಿದ್ದ. ಬದುಕಿನಲ್ಲಿ ಅವನು ತನಗಾಗಿ ಬಯಸಿದ್ದು ಅದೊಂದೇ. ಇಷ್ಟು ವರ್ಷ ಊರನ್ನು ಕಾರಿನಲ್ಲಿ ಕೂರಿಸಿಕೊಂಡು ತಿರುಗಿದ್ದೇನೆ, ಊರು ನನ್ನನ್ನು ಒಂದು ಕುರ್ಚಿಯ ಮೇಲೆ ಕೂರಿಸಲಾರದೇ ಎಂದು ಮನಸಾರೆ ನಂಬಿದ್ದ. ಸರಿಯಾಗಿ ಅದೇ ಹೊತ್ತಿಗೆ ಕಾರು ಸದ್ದು ಮಾಡತೊಡಗಿತು. ಗೇರ್ ಹಾಕಿ ಹೊರಡುವಾಗ ಒಂದು ‘ಟಣ್’, ವೇಗ ಏರಿದಂತೆ ಕಾಲಡಿಯಿಂದ ಕಟಕಟ. ಅಮದಳ್ಳಿ ದಾಟುವಷ್ಟರಲ್ಲಿ ಒಳಗೆ ಕೂತವರ ಹಲ್ಲೂ ತಾಳ ಹಾಕುತ್ತಿದ್ದವು. ಹೆದರಿ ಜನ ಹತ್ತುವುದನ್ನೇ ಬಿಟ್ಟರೆ ಗತಿಯೇನು ಎಂದು ಸೋಮುವಿಗೆ ಊಟ ಸೇರದಾಯಿತು.

ಜನ ಹತ್ತುವುದನ್ನು ಬಿಡಲಿಲ್ಲ. ಹತ್ತಿ, ರೋಗ ಹೇಳತೊಡಗಿದರು.

“ತಮಾ, ಇದು ಗೇರ್‌ಬಾಕ್ಸೇ. ನಂಗೆ ಕೂತಲ್ಲೇ ಗೊತ್ತಾಗ್ತದೆ” ಎಂದರು ಹೊನ್ನು ಮಾವ.

ನಿವೃತ್ತ ಶಿಕ್ಷಕ ಮಾಸ್ತಿ ಮಾಸ್ತರರು ಕಣ್ಣು ಮುಚ್ಚಿ ಆಲಿಸಿ, ಕ್ಲಚ್ ಪ್ಲೇಟ್ ಎಂದು ತೀರ್ಪು ಕೊಟ್ಟರು. ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬರುವ ಮಾದೇವಿ ಸುಮ್ಮನಿರುವವಳೇ? “ಸೋಮಣ್ಣಾ, ಹಿಂದಿನ ಚಕ್ರದ ಬೇರಿಂಗ್ ಹೋಗ್ಯದೆ. ನಮ್ಮಣ್ಣನ ಮಗ ಟೆಂಪೋ ಹೊಡೀತಾನೆ, ನಂಗೆ ಗೊತ್ತಿಲ್ವಾ?” ಎಂದಳು.

ಚುನಾವಣೆಗೆ ನಿಂತವನು ಮತದಾರನ ಮಾತು ತಳ್ಳಿಹಾಕುವುದುಂಟೇ? ಸೋಮು ಮೂವರಿಗೂ ಹೌದೆಂದ. ಅಂಕೋಲಾದ ಮೆಕ್ಯಾನಿಕ್ ರಾಮಾ ಒಂದು ವಾರ ಗೇರ್‌ಬಾಕ್ಸ್ ಬಿಚ್ಚಿದ, ಮರುವಾರ ಕ್ಲಚ್ ಪ್ಲೇಟ್ ಬದಲಿಸಿದ, ಅದರ ಮರುವಾರ ಬೇರಿಂಗ್ ಹಾಕಿದ. ಪ್ರತಿ ಸಲವೂ ಒಬ್ಬನೇ ಓಡಿಸಿ ನೋಡಿದಾಗ ಕಾರು ಹೊಸ ಸೊಸೆಯಂತೆ ತೆಪ್ಪಗಿತ್ತು. ಮರುದಿನ ಊರವರು ಹತ್ತಿದರೆ ಮತ್ತೆ ಕಟಕಟ. ತಮ್ಮ ರೋಗನಿರ್ಣಯ ತಪ್ಪಿತೆಂದು ಯಾರೂ ಒಪ್ಪಲಿಲ್ಲ, ರಾಮಾನಿಗೆ ಕೆಲಸ ಬರುವುದಿಲ್ಲ ಎಂದರು. ಕೊನೆಗೆ ಸೋಮು ದೇವಸ್ಥಾನಕ್ಕೆ ಹೋಗಿ ಹೂಪ್ರಸಾದ ಕೇಳಿದ. ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಗೇರ್‌ಬಾಕ್ಸ್, ಎಡಕ್ಕೆ ಬಿದ್ದರೆ ಬೇರಿಂಗ್. ಹೂವು ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಚುನಾವಣೆಯ ಹೊತ್ತಿನಲ್ಲಿ ಮತದಾರರ ನಡುವೆ ತಲೆಹಾಕುವುದು ದೇವರಿಗೂ ಬೇಡವಾಗಿತ್ತು.

ವೈಜಯಂತಿಗೆ ರೇಗಿತು. “ನಿನ್ನೆ ನಾವಿಬ್ರೇ ಅಂಕೋಲಾ ಪೇಟೆಗೆ ಹೋದ್ವಲ್ಲ, ಸಪ್ಳ ಇತ್ತಾ? ಜನ ತುಂಬಿದ್ರೆ ಮಾತ್ರ ಬತ್ತದೆ. ಮೆಕ್ಯಾನಿಕ್‌ಗೆ ಖಾಲಿ ಕಾರು ತೋರ್ಸಿ ಎಂತಾ ಮಾಡೂದು? ಜನರ ಸಮೇತ ತಕೊಂಡು ಹೋಗಿ!”

ಹಾಗೆ ಒಂದು ಭಾನುವಾರ ಹೊನ್ನು ಮಾವ, ಮಾಸ್ತರರು, ಮಾದೇವಿ ಎಲ್ಲರನ್ನೂ ತುಂಬಿಕೊಂಡು, ಸೋಮು ಮತ್ತು ವೈಜಯಂತಿ ಕಾಳಿ ಸೇತುವೆ ದಾಟಿ ಸದಾಶಿವಗಡದ ರೋಷನನ ಗ್ಯಾರೇಜಿಗೆ ಹೋದರು. ರೋಷನ ಬಾನೆಟ್ ಕೂಡ ಎತ್ತದೆ, “ಅರೇ ಸೋಮಣ್ಣಾ, ಇದನ್ನ ಮಾರಿ ಬೇರೆ ತಗೋ” ಎಂದ. ಅವನ ಭಾವ ಹಳೆಯ ಕಾರುಗಳ ವ್ಯಾಪಾರಿ. ವೈಜಯಂತಿ ಕದಲದೆ ನಿಂತದ್ದು ನೋಡಿ, ಬೇರೆ ಉಪಾಯವಿಲ್ಲದೆ ರೋಷನನೇ ಸ್ಟೇರಿಂಗ್ ಹಿಡಿದ.

ಗೋವಾ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಒಬ್ಬೊಬ್ಬರನ್ನೇ ಇಳಿಸುತ್ತ ಬಂದ. ಮಾಸ್ತರರು ಇಳಿದರು, ಕಟಕಟ. ಮಾದೇವಿ ಇಳಿದಳು, ಆಗಲೂ ಕಟಕಟ. ಹೊನ್ನು ಮಾವ ಇಳಿದದ್ದೇ ಕಾರು ಮೌನವಾಯಿತು. ರೋಷನ ಕಾರಿನ ಕೆಳಗೆ ನುಸುಳಿ ನೋಡಿ ಬಂದ. ಹಿಂಭಾಗದ ಭಾರ ಹೊರುವ ಪಾಟಾ ಸ್ಪ್ರಿಂಗ್ ಕೂತುಹೋಗಿತ್ತು. ಭಾರ ಬಿದ್ದೊಡನೆ ಕಾರಿನ ಹಿಂಭಾಗ ತಗ್ಗಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು ಓರೆಯಾಗುತ್ತಿತ್ತು. ಅದರ ತುದಿಯ ಜಾಯಿಂಟಿನಲ್ಲಿರುವ ಕ್ರಾಸ್ ಎಂಬ ಕಬ್ಬಿಣದ ತುಂಡು ಸವೆದಿದ್ದರಿಂದ, ಓರೆಯಾದಾಗಲೆಲ್ಲ ಬಡಿಯುತ್ತಿತ್ತು.

“ಈ ದೊಡ್ಡ ಬಾಬ ಹಿಂದೆ ಕೂತ್ರೆ ಮಾತ್ರ...” ಎಂದು ರೋಷನ ಹೊನ್ನು ಮಾವನತ್ತ ಕೈ ತೋರಿಸಿ ಶುರುಮಾಡಿದ.

ಸೋಮುವಿನ ಜೀವವೇ ಬಾಯಿಗೆ ಬಂತು. “ಶಾಫ್ಟು ಹೊರಡೂದು ಗೇರ್‌ಬಾಕ್ಸಿಂದ್ಲೇ ಅಲ್ವಾ? ಹಂಗಾರೆ ಮಾವ ಹೇಳಿದ್ದೇ ಖರೆ! ಹಿಂದಿನ ಚಕ್ರಕ್ಕೆ ಹೋಗ್ತದಲ್ಲ, ಮಾದೇವಿ ಹೇಳಿದ್ದೂ ಖರೆ” ಎಂದು ನಡುವೆ ಬಾಯಿ ಹಾಕಿದ. ಮಾಸ್ತರರ ಮುಖ ಬಾಡಿದ್ದು ಕಂಡು, ಕ್ಲಚ್ ಕೂಡ ಅಲ್ಲೇ ಹತ್ತಿರ ಎಂದು ಸೇರಿಸಿದ. ಮೂವರಿಗೂ ಸಮಾಧಾನವಾಯಿತು. ರೋಷನ ಹೊಸ ಕ್ರಾಸ್ ಹಾಕಿ, ಪಾಟಾ ಕಟ್ಟಿ ಎತ್ತರಿಸಿ ಕೊಟ್ಟ.

ಮರುದಿನ ಬೆಳಿಗ್ಗೆ ಅದೇ ಜನ, ಅದೇ ಭಾರ. ಕಾರು ಮಾತ್ರ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಸೋಮುವಿಗೆ ಆಗಲೇ ಗೆದ್ದಷ್ಟು ಸಂತೋಷ. ಆದರೆ ಇಷ್ಟು ದಿನ ಸಪ್ಪಳದ ಮರೆಯಲ್ಲಿ ಮಾತಾಡಿ ರೂಢಿಯಾಗಿದ್ದ ಹಿಂದಿನ ಸೀಟಿನವರು ದನಿ ತಗ್ಗಿಸುವುದನ್ನು ಮರೆತಿದ್ದರು.

“ಸೋಮು ಗೆಲ್ಬಹುದಾ?” ಎಂದರು ಮಾಸ್ತರರು.

“ಗೆಲ್ಸೂದು ದೊಡ್ಡ ಮಾತಲ್ಲ ಮಾಸ್ತರೇ” ಎಂದರು ಹೊನ್ನು ಮಾವ. “ಆದ್ರೆ ಗೆದ್ರೆ ದಿನಾ ಮೀಟಿಂಗು, ಓಡಾಟ. ಮತ್ತೆ ನಮ್ಮನ್ನ ಕಾರವಾರಕ್ಕೆ ಕರ್ಕೊಂಡು ಹೋಗೂದು ಯಾರು? ನಮ್ಮ ಕೇರಿ ಮತ ಆಚೆಯವ್ನಿಗೇ ಅಂತ ನಾ ಆಗ್ಲೇ ಹೇಳಿ ಆಯ್ತು.”

“ಅದೂ ಖರೆ” ಎಂದಳು ಮಾದೇವಿ. “ಪಾಪ, ಒಳ್ಳೆ ಮನ್ಷಾ. ಹಿಂಗೇ ಇರ್ಲಿ.”

ಸೋಮು ಕನ್ನಡಿಯಲ್ಲಿ ನೋಡಿದ. ಮೂರೂ ಮುಖಗಳಲ್ಲಿ ಎಳ್ಳಷ್ಟೂ ಕೆಡುಕಿರಲಿಲ್ಲ. ಅವನನ್ನು ಹೆಚ್ಚು ನೋಯಿಸಿದ್ದೇ ಅದು. ಬಿಣಗಾ ಊರು ದಾಟಿದರೂ ಅವನ ಕಿವಿ ಸುಡುತ್ತಲೇ ಇತ್ತು. ಬಯ್ಯಬೇಕೆನಿಸಿತು, ಅಳುವೂ ಬಂತು.

ಕಾರವಾರದ ಬಸ್‌ಸ್ಟ್ಯಾಂಡಿನ ಎದುರು ಇಳಿಯುತ್ತ ಹೊನ್ನು ಮಾವ, “ಸಂಜಿಗೆ ಇಲ್ಲೇ ಅಲ್ವಾ ತಮಾ?” ಎಂದರು.

“ಇಲ್ಲ ಮಾವ. ಇವತ್ತು ಬಸ್ಸಿಗೆ ಬನ್ನಿ.”

ಸೋಮು ಗೇರ್ ಹಾಕಿ ಹೊರಟುಬಿಟ್ಟ. ಹೊನ್ನು ಮಾವ ರಸ್ತೆಯಲ್ಲೇ ಬಾಯಿ ತೆರೆದು ನಿಂತರು.

ಅಂದು ಸಂಜೆ ಸೋಮುವಿಗಿಂತ ಮೊದಲು ಬಸ್ಸು ಅವರ್ಸಾ ಮುಟ್ಟಿತು. ಗೆಲ್ಲುವ ಮೊದಲೇ ಇಷ್ಟು ಸೊಕ್ಕು, ಗೆದ್ದ ಮೇಲೆ ಇವನನ್ನು ಹಿಡಿಯುವವರುಂಟೇ ಎಂದು ಕೇರಿಯೆಲ್ಲ ಮಾತಾಡಿತು. ಎಂದೂ ಹಾಕಬೇಕೆಂದಿರದ ಮತವನ್ನು ಹೊನ್ನು ಮಾವ ಅಂದೇ, ಚಹಾದ ಅಂಗಡಿಯಲ್ಲಿ, ಎಲ್ಲರೆದುರು ಹಿಂತೆಗೆದುಕೊಂಡರು.