ಜುಬೇದಾ ಆಪಾ ಮತ್ತು ಎಕಂಬಾದ ಸ್ಲೈಡು

ಸ್ಲೈಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಜುಬೇದಾ ಆಪಾ ಉಸಿರು ಬಿಗಿಹಿಡಿಯುತ್ತಿದ್ದರು. ಗಾಜಿನ ಮೇಲಿರುವುದು ಯಾರದೋ ಚರ್ಮದ ಚೂರು, ಈರುಳ್ಳಿ ಪೊರೆಗಿಂತ ತೆಳು. ಅದರ ಮೇಲೆ ಔಷಧದ ಹನಿ ಬಿಟ್ಟು ಕಾಯುವುದು ಅವರ ಕೆಲಸ. ರೋಗದಿಂದ ನಮ್ಮನ್ನು ಕಾಯುವ ಟಿ ಕೋಶಗಳು ಆ ಚರ್ಮದಲ್ಲಿದ್ದರೆ, ಔಷಧ ಅವಕ್ಕಷ್ಟೇ ಅಂಟಿ ಕಂದು ಬಣ್ಣ ಬರುತ್ತದೆ. ಒಮ್ಮೊಮ್ಮೆ ಆ ಕೋಶಗಳೇ ಕೆಟ್ಟು ಕ್ಯಾನ್ಸರ್ ಆಗುತ್ತವೆ; ಆಗ ಸ್ಲೈಡಿನ ತುಂಬ ಕಂದು. "ಮನಿ ಕಾಯೋ ನಾಯಿಗೇ ಹುಚ್ಚು ಹಿಡದಂಗ್ರಿ, ಡಾಕ್ಟರ್ ಸಾಬ್," ಎನ್ನುತ್ತಿದ್ದರು.

ಬೀದರಿನ ಆ ಸಣ್ಣ ಲ್ಯಾಬಿಗೆ ನಾನು ಭಾಲ್ಕಿಯಿಂದ ಹೊಸ ಡಾಕ್ಟರಾಗಿ ಬಂದಿದ್ದೆ. ಆಪಾ ಬಣ್ಣ ಹಾಕಿದ್ದನ್ನು ನೋಡಿ ವರದಿಗೆ ಸಹಿ ಮಾಡುವವನು ನಾನು. ರೋಗಿಯ ಸ್ಲೈಡಿನ ಜೊತೆಗೆ ಆಪಾ ಪ್ರತಿ ಸಲ ಟಾನ್ಸಿಲ್ ಚೂರೊಂದಕ್ಕೂ ಬಣ್ಣ ಹಾಕುತ್ತಿದ್ದರು. ಅದರಲ್ಲಿ ಟಿ ಕೋಶಗಳು ಖಂಡಿತ ಇರುತ್ತವೆ. ಅದೂ ಕಂದಾಗದಿದ್ದರೆ ಫ್ರಿಜ್ಜಿನಲ್ಲಿಟ್ಟ ಔಷಧವೇ ಕೆಟ್ಟಿದೆ ಎಂದರ್ಥ.

ಒಂದು ದಿನ ಟಾನ್ಸಿಲ್ ಮುಗಿದಿತ್ತು. ಔರಾದ್ ಹತ್ತಿರದ ಎಕಂಬಾ ಹಳ್ಳಿಯ ಹೆಣ್ಣುಮಗಳೊಬ್ಬಳ ಚರ್ಮದ ಚೂರು ಬಂದಿತ್ತು. ವರ್ಷದಿಂದ ಮೈಮೇಲೆ ವಾಸಿಯಾಗದ ಕೆಂಪು ಮಚ್ಚೆ. ಗಂಡ ಬೆಳಗಿನಿಂದ ಹೊರಗೆ ಕೂತಿದ್ದ.

"ನಾಳಿ ಮಾಡೋಣ್ರಿ," ಎಂದರು ಆಪಾ.

"ಇದೊಂದ್ ಸಲ ಹಂಗೇ ಹಾಕ್ರಿ," ಎಂದೆ.

ಹಾಕಿದರು. ಎಲ್ಲಿಯೂ ಕಂದು ಬರಲಿಲ್ಲ. ಅಷ್ಟು ಕೆಂಪೇರಿದ ಚರ್ಮದಲ್ಲಿ ಒಂದು ಟಿ ಕೋಶವೂ ಇಲ್ಲವೆಂದರೆ ಹೇಗೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸದೆ, ಕ್ಯಾನ್ಸರಿನ ಲಕ್ಷಣವಿಲ್ಲ ಎಂದು ಸಹಿ ಹಾಕಿದೆ.

ಎಂಟು ತಿಂಗಳ ಮೇಲೆ ಅದೇ ಹೆಸರು ಮತ್ತೆ ಬಂತು. ಈ ಸಲ ಗಡ್ಡೆಯ ಚೂರು. ಸ್ಲೈಡಿನ ತುಂಬ ಕಂದು. ಆಪಾ ಕಪಾಟಿನಿಂದ ಹಳೆಯ ಚೂರನ್ನು ತೆಗೆದು ಹೊಸ ಔಷಧದಲ್ಲಿ ಬಣ್ಣ ಹಾಕಿದರು. ಅದೂ ಕಂದೇ ಆಯಿತು; ಅವತ್ತು ಕೆಟ್ಟಿದ್ದು ಔಷಧ.

ಆಕೆ ತೀರಿಹೋದ ಸುದ್ದಿ ಬಂದ ದಿನ ಆಪಾ ನನ್ನ ಮೇಜಿನ ಮುಂದೆ ನಿಂತರು. "ಹೋಗಿ ಹೇಳಬೇಕ್ರಿ ಅವರ ಮನಿಯವರಿಗಿ."

"ಈಗ ಹೇಳಿ ಏನಾಗ್ತದರಿ ಆಪಾ?"

"ಏನೂ ಆಗಲ್ಲರಿ. ಖರೆ ಅವರಿಗಿ ಗೊತ್ತಿರಬೇಕು. ಕೈ ನಂದು, ಸಹಿ ನಿಮ್ದು. ಇಬ್ಬರೂ ಹೋಗಮ್ರಿ."

ನಾನು ಹೋಗಲಿಲ್ಲ. ಔರಾದ್ ಬಸ್ಸು ಹಿಡಿದು ಆಪಾ ಒಬ್ಬರೇ ಹೋದರು. ಅಲ್ಲಿ ಏನಾಯಿತೆಂದು ನನಗೆ ಹೇಳಲೂ ಇಲ್ಲ. ಸಂಗತಿ ಲ್ಯಾಬಿನ ಮಾಲೀಕರ ಕಿವಿಗೆ ಬಿತ್ತು; ಅವರು ಆಪಾರನ್ನು ಕೆಲಸದಿಂದ ತೆಗೆದರು. ಹಾಗೇ ಹಾಕಲು ಹೇಳಿದವನು ನಾನೆಂದು ಬಾಯಿ ಬಿಡಲಿಲ್ಲ. ಆಪಾ ತಮ್ಮ ಊಟದ ಡಬ್ಬಿ, ಚಷ್ಮಾ ಚೀಲಕ್ಕೆ ಹಾಕಿಕೊಂಡು, "ಫ್ರಿಜ್ ಕಡಿ ಲಕ್ಷ್ಯ ಇರಲಿರಿ," ಎಂದಷ್ಟೇ ಹೇಳಿ ಹೋದರು.

ಮೂರು ವರ್ಷದ ಮೇಲೆ, ಕಳೆದ ಚಳಿಗಾಲದಲ್ಲಿ, ಆಪಾ ಲಕ್ವಾ ಹೊಡೆದು ತೀರಿಕೊಂಡರು. ಕಬರಸ್ತಾನದ ಗೋಡೆಯ ಹತ್ತಿರ ನನ್ನ ಪಕ್ಕ ಒಬ್ಬ ಬಂದು ನಿಂತ. ಬಿಳಿ ಟೋಪಿ, ಧೋತರ. ಗುರುತು ಸಿಕ್ಕಿತು. ಎಕಂಬಾದ ಹೆಣ್ಣುಮಗಳ ಗಂಡ.

"ನಮ್ಮ ಮನಿಗಿ ಬಂದಿದ್ದರ್ರಿ ಇವರು," ಎಂದ ಅವನು, ಮಣ್ಣು ಮುಚ್ಚುವವರ ಕಡೆ ನೋಡುತ್ತ. "ಬಾಯಿಗಿ ಬಂದಂಗ ಬೈದಿದ್ದೆ. ಬಾಗಲದಾಗೇ ನಿಂತು ಎಲ್ಲಾ ಕೇಳಿಕೊಂಡ್ರು. ತಪ್ಪೆಲ್ಲಾ ನಂದೇ ಅಂದ್ರು. ನೀವು ಯಾರ್ರಿ?"

"ಅವರ ಜೋಡಿ ಕೆಲಸಕ್ಕಿದ್ದೆರಿ," ಎಂದೆ.

ಅವನು ಹೆಸರು ಕೇಳಲಿಲ್ಲ. ನಾನೂ ಹೇಳಲಿಲ್ಲ.