ಕವಲಿಲ್ಲದ ಸುರುಳಿದಾರಿ

ಪ್ರಾರ್ಥನಾ ಮಂದಿರದ ನೆಲದಲ್ಲಿ ಕಪ್ಪು ಬಿಳಿ ಕಲ್ಲುಗಳಿಂದ ಚಕ್ರವ್ಯೂಹದಂಥ ಸುರುಳಿದಾರಿ ಹಾಸಿದವನು ನಮ್ಮ ಬೀದಿಯ ಮೇಸ್ತ್ರಿ. ಎಷ್ಟು ತಿರುವುಗಳಿದ್ದರೂ ಅದರಲ್ಲಿ ಕವಲಿರಲಿಲ್ಲ. ನಡೆಯುತ್ತ ಹೋದವರು ನಡುವಿನ ಕಲ್ಲಿನ ಹೂವನ್ನು ಮುಟ್ಟಲೇಬೇಕು. ಅದು ದೇವರ ಬಳಿಗೆ ಹೋಗುವ ದಾರಿಯೆಂದು ಹಿರಿಯರು ಹೇಳುತ್ತಿದ್ದರು.

ಮೇಸ್ತ್ರಿಯ ಹೆಂಡತಿಗೆ ಮರೆವಿನ ಕಾಯಿಲೆ ಬಂತು. ಅಂಗಡಿಗೆ ಹೋದವಳು ಮನೆಯ ದಾರಿಯನ್ನೇ ಮರೆಯತೊಡಗಿದಳು.

"ಇಲ್ಲಿ ನೀನು ದಾರಿ ತಪ್ಪೋಕೇ ಆಗಲ್ಲ ಕಣೇ" ಎಂದು ಅವನು ಅವಳನ್ನು ಮಂದಿರಕ್ಕೆ ಕರೆತಂದು ಸುರುಳಿದಾರಿಯ ಮೊದಲಲ್ಲಿ ನಿಲ್ಲಿಸಿದ.

ಅವಳು ಒಬ್ಬಳೇ, ಗೆರೆ ಮೀರದೆ, ನಡುವಿನವರೆಗೂ ನಡೆದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅವಳು ಸುತ್ತ ನೋಡಿ, ಅಂಚಿನಲ್ಲಿ ನಿಂತಿದ್ದವನು ತನ್ನ ಗಂಡನೆಂಬ ಗುರುತು ಸಿಗದೆ ಅವನನ್ನೇ ಕೇಳಿದಳು: "ಮೇಸ್ತ್ರಿಗಳೇ, ನಮ್ಮನೆಯವ್ರು ಕಾಯ್ತಿರ್ತಾರೆ. ಮನೆ ತನಕ ಬಿಡ್ತೀರಾ?"

"ಬನ್ನಿ ತಾಯಿ, ಬಿಡ್ತೀನಿ" ಎಂದು ಅವನು ಗೆರೆಗಳನ್ನೆಲ್ಲ ಅಡ್ಡ ದಾಟಿ ಹೋಗಿ ಅವಳ ಕೈ ಹಿಡಿದುಕೊಂಡ.